ಓದುಗರ ಪ್ರಶ್ನೆ: ಮುಂದೆ ಎರಡು ಲಾರಿ, ಹಿಂದೆ ಒಂದು

ಪ್ರಶ್ನೆ: ಮಳಖೇಡದ ಬಳಿ ಸಿಮೆಂಟ್ ಕಾರ್ಖಾನೆಗೆ ಹೊರಟಿದ್ದ ಭಾರಿ ಯಂತ್ರವೊಂದನ್ನು ಮುಂದಿನಿಂದ ಎರಡು ಲಾರಿಗಳು ಎಳೆಯುತ್ತಿದ್ದವು, ಹಿಂದಿನಿಂದ ಒಂದು ತಳ್ಳುತ್ತಿತ್ತು. ಆ ಲಾರಿಗಳ ಬೆನ್ನಿನ ಮೇಲೆ ಕಾಂಕ್ರೀಟ್ ದಿಮ್ಮಿಗಳನ್ನೂ ಹೇರಿದ್ದರು. ಇರುವ ಭಾರ ಸಾಲದೆಂದು ಇನ್ನಷ್ಟು ಭಾರವೇಕೆ?
— ಓದುಗರೊಬ್ಬರು, ಸೇಡಂ

ಉತ್ತರ: ಆ ದಿಮ್ಮಿಗಳಿಲ್ಲದಿದ್ದರೆ ಲಾರಿಯ ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗುತ್ತಿದ್ದವು. ಯಂತ್ರವನ್ನು ಹೊರುವ ಕೆಲಸವೆಲ್ಲ ನಡುವಿನ ಹೈಡ್ರಾಲಿಕ್ ಟ್ರೈಲರಿನದು. ಲಾರಿಗೆ ಎಳೆಯುವ ಕೆಲಸವಷ್ಟೇ ಇರುವುದರಿಂದ ಆ ವೃತ್ತಿಯವರು ಅದನ್ನು ಪುಲ್ಲರ್ ಎಂದೇ ಕರೆಯುತ್ತಾರೆ. ಎಂಜಿನ್ ಎಷ್ಟೇ ಬಲವಾಗಿದ್ದರೂ ಟೈರು ರಸ್ತೆಯನ್ನು ಹಿಡಿದಷ್ಟೇ ಲಾರಿ ಎಳೆಯಬಲ್ಲದು, ಆ ಹಿಡಿತ ಚಕ್ರದ ಮೇಲಿನ ಭಾರ ಹೆಚ್ಚಿದಂತೆ ಹೆಚ್ಚುತ್ತದೆ.

ಲೆಕ್ಕ ಹಾಕಿ ನೋಡೋಣ. ಟ್ರೈಲರೂ ಸೇರಿ 300 ಟನ್ ತೂಗುವ ಸಾಗಣೆಯನ್ನು 25 ಅಡಿಗೆ ಒಂದಡಿ ಏರುವ ದಿಬ್ಬಕ್ಕೆ ಹತ್ತಿಸಬೇಕೆಂದರೆ ಏರಿಗೆ 12 ಟನ್, ಟೈರುಗಳ ಉರುಳು ತಡೆಗೆ ಮೂರು ನಾಲ್ಕು ಟನ್, ಒಟ್ಟು ಸುಮಾರು 16 ಟನ್ ಎಳೆತ ಬೇಕು. ಎಂಜಿನ್ನಿನಿಂದ ತಿರುಗುವ ಹಿಂಬದಿ ಚಕ್ರಗಳ ಮೇಲೆ 10 ಟನ್ ಮಾತ್ರ ಇರುವ ಖಾಲಿ ಲಾರಿಗೆ ಒಣ ಡಾಂಬರಿನ ಮೇಲೆ ಸಿಗುವುದು ಆರು ಟನ್ನಿನಷ್ಟು ಎಳೆತ. ದಿಮ್ಮಿ ಹೇರಿ ಅದನ್ನು 25 ಟನ್ನಿಗೆ ಏರಿಸಿದರೆ 15 ಟನ್ನಿನಷ್ಟು ಸಿಗುತ್ತದೆ, ಆದರೆ ಮಳೆ ಬಿದ್ದ ರಸ್ತೆಯಲ್ಲಿ ಅದೇ 10ಕ್ಕೆ ಇಳಿಯಬಹುದು. ಎರಡನೆಯ, ಮೂರನೆಯ ಲಾರಿ ಬೇಕಾಗುವುದು ಇಲ್ಲಿಯೇ.

ಹಿಂದಿನ ಲಾರಿ ಏರಿನಲ್ಲಿ ತಳ್ಳುತ್ತದೆ, ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುತ್ತದೆ. ತೇರು ಎಳೆಯುವಾಗ ಮಿಣಿ ಹಿಡಿದವರಷ್ಟೇ ಗಾಲಿಗೆ ಮರದ ತುಂಡು ಒಡ್ಡುವವರೂ ಮುಖ್ಯರೆಂಬುದು ಶರಣಬಸವೇಶ್ವರರ ಜಾತ್ರೆ ಕಂಡವರಿಗೆ ಹೊಸದಾಗಿ ಹೇಳಬೇಕಾದುದಲ್ಲ. ಮುಂದಿನವನು ತಿರುವಿನಲ್ಲಿ ವೇಗ ತಗ್ಗಿಸಿದ್ದು ತಿಳಿಯದೆ ಹಿಂದಿನವನು ತಳ್ಳುತ್ತಲೇ ಇದ್ದರೆ ಟ್ರೈಲರ್ ನಡುವೆ ಮಡಿಚಿಕೊಂಡು ಅಡ್ಡ ತಿರುಗುವ ಅಪಾಯವಿರುವುದರಿಂದ, ಮೂವರು ಚಾಲಕರೂ ವಾಕಿಟಾಕಿಯಲ್ಲಿ ಒಬ್ಬನೇ ಮೇಸ್ತ್ರಿಯ ಮಾತಿಗೆ ಕಿವಿಗೊಟ್ಟಿರುತ್ತಾರೆ. ನನ್ನ ಮಟ್ಟಿಗೆ ಇಡೀ ಸಾಗಣೆಯಲ್ಲಿ ಅತ್ಯಂತ ಕಠಿಣವಾದದ್ದು ಈ ಹೊಂದಾಣಿಕೆಯೇ.

ಪ್ರಶ್ನೆ: ಕಟ್ಟಿ ಸಂಗಾವಿಯ ಭೀಮಾ ಸೇತುವೆಯಂಥ ಸೇತುವೆಗಳನ್ನು ಇಂಥ ಹೊರೆ ದಾಟುವಾಗ ಉಳಿದ ವಾಹನಗಳನ್ನೆಲ್ಲ ತಡೆಯುವುದೇಕೆ? ಸೇತುವೆ ಕುಸಿಯುವುದಿಲ್ಲವೇ?
— ಓದುಗರೊಬ್ಬರು, ಜೇವರ್ಗಿ

ಉತ್ತರ: ಒಟ್ಟು ತೂಕಕ್ಕಿಂತ ಆ ತೂಕ ಎಷ್ಟು ಉದ್ದಕ್ಕೆ ಹರಡಿದೆ ಎಂಬುದನ್ನು ಸೇತುವೆಯ ಎಂಜಿನಿಯರುಗಳು ಮೊದಲು ನೋಡುತ್ತಾರೆ. ಹೈಡ್ರಾಲಿಕ್ ಟ್ರೈಲರಿನ ಒಂದೊಂದು ಆಕ್ಸಲ್ ಸಾಲಿಗೆ ಸಾಮಾನ್ಯವಾಗಿ ಎಂಟು ಟೈರುಗಳಿರುತ್ತವೆ. ಸಾಲುಗಳನ್ನು ಎಣ್ಣೆಯ ಕೊಳವೆಗಳು ಜೋಡಿಸಿರುವುದರಿಂದ ಒಂದು ಚಕ್ರ ತಗ್ಗಿಗಿಳಿದರೂ ಭಾರ ಸಮನಾಗಿ ಹಂಚಿಹೋಗುತ್ತದೆ. ರಸ್ತೆ, ಸೇತುವೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ (ಐಆರ್‌ಸಿ) ಐಆರ್‌ಸಿ-6 ಸಂಹಿತೆಯಲ್ಲಿ ಇಂಥದ್ದಕ್ಕೆಂದೇ 385 ಟನ್ನಿನ ವಿಶೇಷ ವಾಹನದ ಮಾದರಿಯಿದೆ: ತಲಾ 18 ಟನ್ನಿನ 20 ಸಾಲು, ಮುಂದೊಂದು ಪುಲ್ಲರ್. ಆದರೆ ಅದು ಗಂಟೆಗೆ 5 ಕಿ.ಮೀ. ಮೀರದೆ, ಸೇತುವೆಯ ನಡುಗೆರೆಯಿಂದ 300 ಮಿ.ಮೀ.ಗಿಂತ ಸರಿಯದೆ, ಬೇರಾವ ವಾಹನವೂ ಇಲ್ಲದಿರುವಾಗ ದಾಟಬೇಕು. ವೇಗ ಹೆಚ್ಚಿದರೆ ಅದುರಿನ ಪೆಟ್ಟು, ಬ್ರೇಕ್ ಒತ್ತಿದರೆ ಮುಂದಕ್ಕೆ ತಳ್ಳುವ ಒತ್ತಡ ಸೇತುವೆಗೆ ತಗಲುತ್ತದೆ.

ಈ ಮಾದರಿಗೆ ಮೊದಲು ಕಟ್ಟಿದ ಹಳೆಯ ಸೇತುವೆಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು. ತಾಳದೆಂದು ಕಂಡರೆ ಸಾಲುಗಳನ್ನು ಹೆಚ್ಚಿಸುವುದು, ಇಲ್ಲವೇ ಹೊಳೆಯಲ್ಲೇ ಮಣ್ಣಿನ ದಾರಿ ಹಾಕುವುದು ಉಳಿದ ಉಪಾಯ. 2018–19ರಲ್ಲಿ ತಮಿಳುನಾಡಿನಿಂದ ಬೆಂಗಳೂರಿನ ಈಜೀಪುರಕ್ಕೆ 240 ಗಾಲಿಗಳ ಮೇಲೆ ಬಂದ ವಿಷ್ಣು ವಿಗ್ರಹಕ್ಕೂ ದಾರಿಯಲ್ಲಿ ಹೀಗೆ ಮಣ್ಣು ಹಾಕಬೇಕಾಯಿತು.

ಪ್ರಶ್ನೆ: ಯಂತ್ರವನ್ನು ಬಿಚ್ಚಿ ತುಂಡುತುಂಡಾಗಿ ತರಬಾರದೇ?
— ಓದುಗರೊಬ್ಬರು, ಹುಮನಾಬಾದ

ಉತ್ತರ: ತರಬಹುದಾದದ್ದನ್ನು ಹಾಗೆಯೇ ತರುತ್ತಾರೆ. ಸಿಮೆಂಟ್ ಕಾರ್ಖಾನೆಯ ಉದ್ದನೆಯ ಸುಡುಗೂಡಿನ ಕೊಳವೆ ತುಂಡುಗಳಾಗಿಯೇ ಬಂದು ಸ್ಥಳದಲ್ಲಿ ಬೆಸೆಯಲ್ಪಡುತ್ತದೆ. ಒಂದೇ ಎರಕದ ಅರೆಯುವ ಮೇಜನ್ನಾಗಲಿ, ವಿದ್ಯುತ್ ಕೇಂದ್ರದ ದೊಡ್ಡ ಟ್ರಾನ್ಸ್‌ಫಾರ್ಮರಿನ ಒಡಲನ್ನಾಗಲಿ ಕತ್ತರಿಸುವಂತಿಲ್ಲ. ಟ್ರಾನ್ಸ್‌ಫಾರ್ಮರಿನ ಎಣ್ಣೆ ತೆಗೆದು ಒಣಗಾಳಿಯನ್ನೋ ಸಾರಜನಕವನ್ನೋ ತುಂಬಿ, ಅದಕ್ಕೆ ಆಘಾತ ದಾಖಲಿಸುವ ಉಪಕರಣವನ್ನೂ ಕಟ್ಟಿ ಕಳುಹಿಸುತ್ತಾರೆ. ಯಾವ ಹೊತ್ತಿಗೆ ಎಷ್ಟು ಬಲವಾಗಿ ಕುಲುಕಿತೆಂಬುದು ಅದರಲ್ಲಿ ಬರೆದಿರುವುದರಿಂದ, ಹೊರೆ ಇಳಿಸುವ ಮುನ್ನ ಎಂಜಿನಿಯರುಗಳು ಮೊದಲು ಓದುವುದು ಅದನ್ನೇ.