ಸೇತುವೆಯಾದ ಮೇಲೆ ದ್ವೀಪದ ಊರಿನಲ್ಲಿ ಹೋಂಸ್ಟೇ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ತುಮರಿ ಕಡೆಯ ಹಳ್ಳಿ. ಹಳೆಯ ಹೆಂಚಿನ ಮನೆ, ಸ್ವಲ್ಪ ಅಡಿಕೆ ತೋಟ ಇದೆ. ಸೇತುವೆಯಾದ ಮೇಲೆ ಸಿಗಂದೂರಿಗೆ ಬರುವ ವಾಹನಗಳು ಹೆಚ್ಚಿವೆ. ಸಾಲ ಮಾಡಿ ಹಿನ್ನೀರಿಗೆ ಎದುರಾಗಿ ಎಂಟು ಕಾಟೇಜ್ ಕಟ್ಟೋಣ ಎಂದು ಮಗ ಹೇಳುತ್ತಿದ್ದಾನೆ. ಮನೆಯ ಹಿಂದೆ ಸ್ವಲ್ಪ ದೂರದಲ್ಲೇ ಅಭಯಾರಣ್ಯವಿದೆ. ಈ ಯೋಚನೆ ಸರಿಯೇ?

ಉತ್ತರ: ಕಾಟೇಜ್ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಇರುವ ಮನೆಯಲ್ಲೇ ಎರಡು ಕೋಣೆಗಳನ್ನು ಅತಿಥಿಗಳಿಗಾಗಿ ಸಜ್ಜುಗೊಳಿಸಿ ಆರಂಭಿಸಿ ಎಂಬುದು ನನ್ನ ಸಲಹೆ.

ಮೊದಲು ಬರುವ ಜನ ಯಾರೆಂದು ನೋಡಬೇಕು. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿ ಕರೂರು ಮತ್ತು ಬಾರಂಗಿ ಹೋಬಳಿಗಳು ದ್ವೀಪದಂತಾದ ಮೇಲೆ, ಆರು ದಶಕಗಳ ಕಾಲ ನಿಮ್ಮೂರಿಗೆ ಎಷ್ಟು ಜನ ಬರಬಹುದು, ಯಾವಾಗ ಬರಬಹುದು ಎಂಬುದನ್ನು ನಿರ್ಧರಿಸುತ್ತಿದ್ದುದು ಲಾಂಚು. ಸಂಜೆಯ ಕೊನೆಯ ಲಾಂಚ್ ತಪ್ಪಿದವರು ಉಳಿಯಲೇಬೇಕಿತ್ತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ವಾಹನ ಸಾಗಿಸುವುದನ್ನೇ ನಿಲ್ಲಿಸುತ್ತಿದ್ದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾದ ಮೇಲೆ ಆ ಕಟ್ಟು ಹೋಯಿತು. ಆಸ್ಪತ್ರೆಗೆ, ಕಾಲೇಜಿಗೆ ಹೋಗುವ ನಿಮ್ಮೂರಿನವರಿಗೆ ಇದು ನ್ಯಾಯವಾಗಿ ಬಹಳ ಹಿಂದೆಯೇ ಸಿಗಬೇಕಾಗಿದ್ದ ಅನುಕೂಲ. ಆದರೆ ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಬರುವ ಭಕ್ತರು ಈಗ ಊಟ ಮುಗಿಸಿ ಜೋಗವನ್ನೂ ನೋಡಿಕೊಂಡು ಸಂಜೆಯೊಳಗೆ ಸಾಗರ ಸೇರಬಲ್ಲರು. ರಸ್ತೆಯಲ್ಲಿ ವಾಹನಗಳು ಹೆಚ್ಚಿದ ಮಾತ್ರಕ್ಕೆ ರಾತ್ರಿ ತಂಗುವವರೂ ಹೆಚ್ಚುತ್ತಾರೆಂದು ಲೆಕ್ಕ ಹಾಕಿ ಸಾಲ ಮಾಡಬಾರದು.

ಎರಡನೆಯದು ಆ ನೀರಿನದೇ ವಿಷಯ. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಮಳೆ ಚೆನ್ನಾಗಿ ಆದ ವರ್ಷ ಸೆಪ್ಟೆಂಬರಿನಲ್ಲಿ ತೋಟದ ಅಂಚಿಗೇ ಬಂದು ನಿಲ್ಲುವ ನೀರು, ವಿದ್ಯುತ್ ಉತ್ಪಾದನೆಗೆ ಬಳಕೆಯಾಗುತ್ತ, ಮಕ್ಕಳಿಗೆ ರಜೆ ಸಿಗುವ ಏಪ್ರಿಲ್–ಮೇ ಹೊತ್ತಿಗೆ ಬಹುದೂರ ಸರಿದಿರುತ್ತದೆ. ಬಿರುಕು ಬಿಟ್ಟ ಕೆಸರು, ಅದರ ನಡುವೆ ಕಪ್ಪಗೆ ನಿಂತ ಹಳೆಯ ಮರದ ಬೊಡ್ಡೆಗಳು, ಇನ್ನೂ ಇಳಿದರೆ ಈ ಜಲಾಶಯದಲ್ಲಿ ಮುಳುಗಿದ, ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯ ಸೈಫನ್‌ಗಳು (ನೀರು ಹೊರಬಿಡುವ ಕೊಳವೆಗಳು) ಕಾಣಿಸುತ್ತವೆ. ಮುಳುಗಡೆಯ ಚರಿತ್ರೆ ಬಲ್ಲವರಿಗೆ ಇದಕ್ಕಿಂತ ಮನಕಲಕುವ ನೋಟ ಬೇರೊಂದಿಲ್ಲ. ಆದರೆ ನೀರಿನ ನೋಟಕ್ಕೆಂದು ಹಣ ಕೊಟ್ಟು ಕಾಟೇಜ್ ಹಿಡಿದವರು ಅದನ್ನು ಒಪ್ಪುವುದಿಲ್ಲ. ಹೀಗೆ ತೆರೆದುಕೊಳ್ಳುವ ನೆಲವೂ ಜಲಾಶಯಕ್ಕೆ ಸೇರಿದ್ದು, ಅಲ್ಲಿ ಕಟ್ಟೆ, ಮೆಟ್ಟಿಲು, ಶೆಡ್ ಯಾವುದನ್ನೂ ಕಟ್ಟುವಂತಿಲ್ಲ.

ಮೂರನೆಯದು ಕಾಗದಪತ್ರ. ಹೋಂಸ್ಟೇ ಎಂದರೆ ಮನೆಯವರು ವಾಸವಿರುವ ಮನೆ. ಅದಕ್ಕೆ ಕೋಣೆಗಳ ಮಿತಿಯೂ ಪ್ರವಾಸೋದ್ಯಮ ಇಲಾಖೆಯ ನೋಂದಣಿಯೂ ಇವೆ. ತೋಟದಲ್ಲಿ ಎಂಟು ಕಾಟೇಜ್ ಎಂದರೆ ಅದು ರೆಸಾರ್ಟ್. ಭೂಪರಿವರ್ತನೆ ಆಗಬೇಕು, ಅಭಯಾರಣ್ಯದ ಸುತ್ತಲಿನ ಪರಿಸರ ಸೂಕ್ಷ್ಮ ವಲಯದ ನಿರ್ಬಂಧಗಳೂ ಅನ್ವಯಿಸಬಹುದು. ನಿಮ್ಮ ಸರ್ವೆ ನಂಬರ್ ಎಲ್ಲಿ ಬರುತ್ತದೆ ಎಂಬುದನ್ನು ವನ್ಯಜೀವಿ ವಿಭಾಗದ ಕಚೇರಿಯಲ್ಲಿ ಅರ್ಜಿ ಕೊಟ್ಟು ಲಿಖಿತವಾಗಿಯೇ ಪಡೆಯಿರಿ, ಬಾಯಿಮಾತು ಸಾಲದು. ಶರಾವತಿ ಮುಳುಗಡೆ ಸಂತ್ರಸ್ತರಲ್ಲಿ ಹಲವರಿಗೆ ಇಂದಿಗೂ ಜಮೀನಿನ ಹಕ್ಕು ಪೂರ್ಣವಾಗಿ ಸಿಕ್ಕಿಲ್ಲ. ಅಂಥ ಕುಟುಂಬಗಳು ದಾಖಲೆಯ ಕೊರತೆಯಿಂದ ನೋಂದಣಿಯಿಂದ ಹೊರಗುಳಿದು, ಹೊರಗಿನ ಹಣವಂತರು ಮಾತ್ರ ಪ್ರವಾಸೋದ್ಯಮ ನಡೆಸುವಂತಾದರೆ, ನಾಡಿಗೆ ಬೆಳಕು ಕೊಡಲೆಂದು ಊರು ಕಳೆದುಕೊಂಡವರಿಗೆ ಎರಡನೆಯ ಸಲ ಅನ್ಯಾಯವಾದಂತೆ. ನಿಮ್ಮಂತೆ ಪಹಣಿ ಸರಿಯಿರುವವರು ನೆರೆಮನೆಯ ಊಟ, ನೆರೆಮನೆಯ ಜೋನಿಬೆಲ್ಲ, ಅಲ್ಲಿನ ಹುಡುಗರ ಮಾರ್ಗದರ್ಶನ ಇವನ್ನೂ ಸೇರಿಸಿಕೊಂಡರೆ ಗಳಿಕೆ ಊರಿನಲ್ಲೇ ಉಳಿಯುತ್ತದೆ.

ರಾತ್ರಿ ಉಳಿಯಲು ಬರುವವರಿಗೆ ಬೇಕಾದದ್ದು ನಿಮ್ಮ ಮನೆಯಲ್ಲೇ ಇದೆ. ಮಿಡಿಮಾವಿನ ಅಪ್ಪೆಹುಳಿ, ಮಳೆಗಾಲದ ಹಲಸಿನ ಕಡುಬು, ಭೂಮಿ ಹುಣ್ಣಿಮೆಗೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುವ ಬೂಮಣ್ಣಿ ಬುಟ್ಟಿ, ಅಡಿಕೆ ಸುಲಿಯುವ ರಾತ್ರಿಯ ಮಾತುಕತೆ ಇವು ರೆಸಾರ್ಟಿನಲ್ಲಿ ಸಿಗುವುದಿಲ್ಲ. ಇವನ್ನು ಪ್ರದರ್ಶನಕ್ಕೆಂದು ನಡೆಸಬೇಡಿ. ನಡೆಯುವ ಕಾಲಕ್ಕೆ ಅತಿಥಿಗಳು ಬಂದು ಕೂರಲಿ. ಕಸ, ವಾಹನ ನಿಲುಗಡೆ, ರಾತ್ರಿಯ ಧ್ವನಿವರ್ಧಕ ಇವುಗಳ ಬಗ್ಗೆ ಗ್ರಾಮಸಭೆಯಲ್ಲಿ ಈಗಲೇ ನಿರ್ಣಯ ಮಾಡಿಸಿ. ಪ್ರತಿ ಮನೆಯೂ ಬಂಡವಾಳ ಹೂಡಿದ ಮೇಲೆ ನಿಯಮ ತರುವುದು ಬಹಳ ಕಷ್ಟ.

ಪ್ರಶ್ನೆ: ಅತಿಥಿಗಳನ್ನು ಕಾಡಿನಲ್ಲಿ ಸುತ್ತಾಡಿಸಿ ಸಿಂಗಳೀಕ ತೋರಿಸಬಹುದೇ? ಮಂಗನ ಕಾಯಿಲೆಯ ಭಯ ಎಷ್ಟರಮಟ್ಟಿನದು?

ಉತ್ತರ: ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಯಾರನ್ನೂ ಕರೆದೊಯ್ಯಬೇಡಿ. 1972ರಲ್ಲಿ ಘೋಷಣೆಯಾದ ಶರಾವತಿ ಕಣಿವೆ ಅಭಯಾರಣ್ಯವನ್ನು 2019ರಲ್ಲಿ ವಿಸ್ತರಿಸಿ ಸಿಂಗಳೀಕ ಅಭಯಾರಣ್ಯವೆಂದು ಹೆಸರಿಸಲಾಯಿತು; ಈಗ ಅದರ ವಿಸ್ತೀರ್ಣ ಸುಮಾರು 930 ಚದರ ಕಿಲೋಮೀಟರ್. ಸಿಂಗಳೀಕ ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಕೋತಿ, ನೆಲಕ್ಕಿಳಿಯುವುದು ಅಪರೂಪ, ಎತ್ತರದ ಮರಗಳ ನೆತ್ತಿಯಲ್ಲೇ ಅದರ ಬದುಕು. ಬಾಳೆಹಣ್ಣು, ಬಿಸ್ಕತ್ತು ತೋರಿಸಿ ಕೆಳಗಿಳಿಸಿದರೆ ಅತಿಥಿಗೆ ಒಂದು ಫೋಟೊ ಸಿಗಬಹುದು, ಆದರೆ ಆ ಗುಂಪು ರಸ್ತೆಯ ಬದಿಗೆ ಒಗ್ಗಿಹೋಗುತ್ತದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಸಿಂಗಳೀಕಗಳು ಪೇಟೆಯ ಮನೆಗಳ ಮಾಡಿಗೇ ಬಂದು, ವಾಹನಕ್ಕೆ ಸಿಕ್ಕು ಸತ್ತದ್ದೂ ಉಂಟು. ಕಂಡರೆ ದೂರದಿಂದ ನೋಡಲಿ, ಕಾಣದಿದ್ದರೆ ಬೆಟ್ಟದ ಅಂಚಿನ ಮಂಗಟ್ಟೆ ಹಕ್ಕಿ, ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳ ಜೌಗು ಕಾಡು) ಇವೆಲ್ಲ ಇವೆ.

ಮಂಗನ ಕಾಯಿಲೆಯನ್ನು ಮುಚ್ಚಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ 2018–19ರಲ್ಲಿ ನಿಮ್ಮದೇ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಗಳನ್ನು ತೆಗೆದುಕೊಂಡಿದೆ. ಉಣುಗು (ಉಣ್ಣೆ ಹುಳು) ಕಚ್ಚುವುದರಿಂದ ಬರುವ ಈ ಜ್ವರ ಹೆಚ್ಚಾಗಿ ಕಾಣಿಸಿಕೊಳ್ಳುವುದು ನವೆಂಬರಿನಿಂದ ಮೇ ತನಕ, ಅಂದರೆ ಪ್ರವಾಸಿಗರೂ ಹೆಚ್ಚು ಬರುವ ತಿಂಗಳುಗಳಲ್ಲಿ. ಆ ಅವಧಿಯಲ್ಲಿ ದರಗು (ಒಣಗಿದ ಎಲೆ) ಬಿದ್ದ ಕಾಡುದಾರಿಯ ನಡಿಗೆಯನ್ನು ಕಾರ್ಯಕ್ರಮದಿಂದಲೇ ಕೈಬಿಟ್ಟು ತೋಟ, ಗದ್ದೆ, ದೇವಸ್ಥಾನಗಳಿಗೆ ಸೀಮಿತಗೊಳಿಸಿ. ಹೋಗಲೇಬೇಕಾದರೆ ಉದ್ದ ತೋಳಿನ ಬಟ್ಟೆ, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯ ಲೇಪನ, ಹಿಂದಿರುಗಿದ ಕೂಡಲೇ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಅತಿಥಿಗಳು ಊರಿಗೆ ಮರಳಿದ ಮೇಲೆ ಎರಡು ವಾರದೊಳಗೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆವೆಂದು ವೈದ್ಯರಿಗೆ ಹೇಳಬೇಕೆಂಬ ಒಂದು ಚೀಟಿಯನ್ನು ಕೈಗೆ ಕೊಟ್ಟು ಕಳಿಸಿ; ನಗರದ ವೈದ್ಯರಿಗೆ ಈ ರೋಗ ತಟ್ಟನೆ ಹೊಳೆಯಲಾರದು.

ಪ್ರಶ್ನೆ: ಹಿನ್ನೀರಿನಲ್ಲಿ ದೋಣಿವಿಹಾರ ಏರ್ಪಡಿಸಬಹುದೇ?

ಉತ್ತರ: ಸ್ವಂತ ದೋಣಿಯಲ್ಲಿ ಬೇಡ. ನೀರಿನಡಿಯ ಬೊಡ್ಡೆಗಳು ಮೇಲಿನಿಂದ ಕಾಣುವುದಿಲ್ಲ. ನೀರು ಇಳಿಯುತ್ತ ಹೋದಂತೆ ಅಪಾಯದ ಜಾಗವೂ ಬದಲಾಗುತ್ತದೆ. ಸಂಬಂಧಪಟ್ಟ ಅನುಮತಿ, ತರಬೇತಿಯಾದ ನಾವಿಕರು, ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಇವಿಲ್ಲದ ಯಾವ ಏರ್ಪಾಡಿಗೂ ಅತಿಥಿಗಳನ್ನು ಕಳಿಸಬೇಡಿ. ನೀರಾಟದ ಆಸೆಯಿರುವವರು ಇದೇ ಹಿನ್ನೀರಿನ ಹೊನ್ನೆಮರಡುವಿನಂಥ, ತರಬೇತಿಯೊಂದಿಗೆ ಜಲಸಾಹಸ ನಡೆಯುವ ಸ್ಥಳಕ್ಕೆ ಹೋಗಲಿ.