ಜಾವಾ ಹಳ್ಳಿಯಲ್ಲಿ ಗದ್ದೆ, ಮನೆ: ದುಡ್ಡು ಎಣಿಸುವ ಮೊದಲು

ನಮಸ್ಕಾರ. ಹೆಂಡತಿಯ ತವರು ಮಧ್ಯ ಜಾವಾದ ಕ್ಲಾತೆನ್ ಕಡೆಯ ಹಳ್ಳಿ, ಅಲ್ಲೇ ಒಂದು ಮನೆ, ಅರ್ಧ ಎಕರೆ ಗದ್ದೆ ತೆಗೆದುಕೊಂಡು ನೆಲೆಸಬೇಕು ಅಂತ ಬರೆದಿದ್ದೀರಿ. ನಿಮ್ಮ ಹೆಸರಿಗೆ ಆಗುತ್ತಾ, ಊರಲ್ಲಿ ಬಾಳೋಕೆ ಏನೇನು ತಿಳಿದಿರಬೇಕು ಅನ್ನೋದು ಪ್ರಶ್ನೆ.

ಮೊದಲನೆಯದಕ್ಕೆ ಉತ್ತರ: ಆಗಲ್ಲ. ಇಂಡೋನೇಷ್ಯಾದ 1960ರ 5ನೇ ಕಾಯ್ದೆಯ ಪ್ರಕಾರ ಪೂರ್ಣ ಒಡೆತನ, ಅಂದರೆ ಹಕ್ ಮಿಲಿಕ್, ಅಲ್ಲಿನ ಪ್ರಜೆಗಳಿಗೆ ಮಾತ್ರ. ವಿದೇಶಿಗೆ ಹಕ್ ಪಾಕೈ ಎಂಬ ಬಳಕೆಯ ಹಕ್ಕು ಸಿಗುತ್ತದೆ, ಮೊದಲಿಗೆ 30 ವರ್ಷಕ್ಕೆ. ಆದರೆ ವಿದೇಶಿಯರು ಕೊಳ್ಳುವ ಮನೆಗೆ ಪ್ರಾಂತ್ಯವಾರು ಕನಿಷ್ಠ ಬೆಲೆ ಕಟ್ಟಿದ್ದಾರೆ. ಹಳ್ಳಿ ಮನೆ ಆ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ‘ನನ್ನ ಹೆಸರಲ್ಲಿ ಕೊಂಡುಬಿಡಿ, ಆಮೇಲೆ ನೋಡೋಣ’ ಅನ್ನುವ ನೆಂಟರು ಸಿಕ್ಕೇ ಸಿಗುತ್ತಾರೆ. ಅದೇ ಕಾಯ್ದೆಯ 26ನೇ ವಿಧಿ ಓದಿ: ಸುತ್ತುಬಳಸಿ ವಿದೇಶಿಗೆ ನೆಲ ದಾಟಿಸುವ ವ್ಯವಹಾರ ಅಸಿಂಧು, ನೆಲ ಸರ್ಕಾರಕ್ಕೆ, ಕೊಟ್ಟ ಹಣ ವಾಪಸ್ ಕೇಳುವಂತಿಲ್ಲ. ನೆಂಟರು ಒಳ್ಳೆಯವರೇ ಇರಬಹುದು. ಅವರ ಮಕ್ಕಳೂ ಹಾಗೇ ಇರುತ್ತಾರೆ ಅಂತ ಯಾರು ಹೇಳಬೇಕು?

ಇನ್ನೊಂದು ತೊಡಕು ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ನಿಮ್ಮನ್ನು ಮದುವೆಯಾದ ಕಾರಣಕ್ಕೆ ನಿಮ್ಮ ಹೆಂಡತಿಗೂ ಕೊಳ್ಳುವುದು ಕಷ್ಟ. 1974ರ ವಿವಾಹ ಕಾಯ್ದೆಯಲ್ಲಿ ಮದುವೆಯ ನಂತರ ಸಂಪಾದಿಸಿದ್ದು ಇಬ್ಬರ ಜಂಟಿ ಆಸ್ತಿ, ಅಂದಮೇಲೆ ಅರ್ಧ ವಿದೇಶಿಯದು. ಆಸ್ತಿ ಬೇರೆ ಬೇರೆ ಎಂದು ಒಪ್ಪಂದ ಇಲ್ಲದಿದ್ದರೆ ಕ್ರಯಪತ್ರ ಮಾಡುವವರು ಕಡತವನ್ನು ಹಿಂದಕ್ಕೆ ತಳ್ಳುತ್ತಾರೆ. ಮೊದಲೆಲ್ಲ ಇದನ್ನು ಮದುವೆಗೆ ಮುಂಚೆಯೇ ಮಾಡಬೇಕಿತ್ತು. 2016ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟಮೇಲೆ ನಂತರವೂ ಮಾಡಬಹುದು. ನೋಟರಿಯ ಹತ್ತಿರ ಬರೆಸಿ, ಮದುವೆ ದಾಖಲೆ ನೋಡಿಕೊಳ್ಳುವ ಕಚೇರಿಯಲ್ಲಿ ನೋಂದಾಯಿಸಿ. ಒಪ್ಪಂದ ಮೊದಲು, ನೆಲ ಆಮೇಲೆ. ತಿರುವುಮುರುವಾದರೆ ಬಿಡಿಸುವುದು ಕಷ್ಟ. ತವರಿಂದ ಪಿತ್ರಾರ್ಜಿತವಾಗಿ ಬಂದ ನೆಲಕ್ಕೆ ಈ ಗೊಡವೆ ಇಲ್ಲ, ಅದು ಅವರದೇ. ಅವರಿಂದ ನಿಮಗೆ ಹಕ್ಕು ಬಂದರೆ ಮಾತ್ರ ಒಂದು ವರ್ಷದೊಳಗೆ ಬಿಟ್ಟುಕೊಡಬೇಕು.

ಈಗ ಕಾಗದ. ಮಾರುವವರು ಗಿರಿಕ್ ಎಂಬ ಹಳೇ ಚೀಟಿ ತೋರಿಸಬಹುದು. ಅದು ನಮ್ಮ ಕಂದಾಯ ರಸೀದಿಯ ಹಾಗೆ, ತೆರಿಗೆ ಕಟ್ಟಿದ್ದಕ್ಕೆ ಗುರುತೇ ಹೊರತು ಒಡೆತನದ ಪತ್ರ ಅಲ್ಲ. ಊರಿನ ಕಚೇರಿಯಲ್ಲಿ ಲೆತ್ತೆರ್ ಸೇ ಎಂಬ, ಊರ ನೆಲ ಯಾರ್ಯಾರದು ಅಂತ ಬರೆದಿಡುವ ಪುಸ್ತಕ ಇರುತ್ತದೆ. ಅದನ್ನು ನೋಡಿಕೊಳ್ಳುವ ಚಾರಿಕ್ ಹಿಂದಿನ ಕಾಲದ ನಮ್ಮ ಶಾನುಭೋಗರಿದ್ದ ಹಾಗೆ. ಪುಸ್ತಕದಲ್ಲಿ ಹೆಸರು ಸತ್ತುಹೋದ ಅಜ್ಜನದೇ ಇರುವುದು ಮಾಮೂಲು. ವಾರಸುದಾರರು ಏಳು ಜನ, ಆರು ಜನ ಸಹಿ ಹಾಕಿದ್ದಾರೆ, ಏಳನೆಯವನು ಎಂದೋ ಸುಮಾತ್ರಾಕ್ಕೆ ಹೋದವನು. ವ್ಯಾಪಾರ ಮುರಿಯುವುದು ಇಲ್ಲೇ. ಒಡೆತನದ ಸರ್ಟಿಫಿಕೇಟ್ ಇರುವ ನೆಲವನ್ನಷ್ಟೇ ನೋಡಿ, ಭೂ ಕಚೇರಿಯಲ್ಲಿ ಅದರ ತಪಾಸಣೆ ಮಾಡಿಸಿ, ಪಕ್ಕದ ಗದ್ದೆಯವರನ್ನು ನಿಲ್ಲಿಸಿಕೊಂಡು ಗಡಿಗಲ್ಲು ನೋಡಿ. ತೆರಿಗೆಯಲ್ಲಿ ಮಾರುವವರದು ಶೇ. 2.5, ಕೊಳ್ಳುವವರದು, ವಿನಾಯಿತಿ ಮೊತ್ತ ಕಳೆದು, ಶೇ. 5ರ ತನಕ. ಪತ್ರ ಮಾಡುವ ಅಧಿಕಾರಿಯ ಶುಲ್ಕ ಹೆಚ್ಚೆಂದರೆ ಶೇ. 1.

ಗದ್ದೆಯನ್ನು ಹಳ್ಳಿಯವರು ರು ಲೆಕ್ಕದಲ್ಲಿ ಹೇಳುತ್ತಾರೆ. ಒಂದು ರು ಸುಮಾರು 14 ಚದರ ಮೀಟರ್, 500 ರು ಸೇರಿದರೆ ಒಂದು ಬಾವು. ನಿಮ್ಮ ಅರ್ಧ ಎಕರೆ 140 ರು ಚಿಲ್ಲರೆ ಆಗುತ್ತದೆ.

ಕೃಷಿ ಜಮೀನಿಗೆ ಇನ್ನೊಂದು ನಿಯಮ: ಒಡೆಯರು ಅದೇ ತಾಲೂಕಿನಲ್ಲೋ (ಅವರ ಮಾತಲ್ಲಿ ಕೆಚಾಮತನ್) ಪಕ್ಕದ್ದರಲ್ಲೋ ವಾಸವಿರಬೇಕು. ಹೆಂಡತಿಯ ಗುರುತಿನ ಚೀಟಿ ಜಕಾರ್ತದ್ದಾದರೆ ಮೊದಲು ಅದನ್ನು ಊರಿಗೆ ವರ್ಗ ಮಾಡಿಸಿ. ಗದ್ದೆ ಕೊಂಡು ಅದರಲ್ಲೇ ಮನೆ ಎಬ್ಬಿಸುವ ಯೋಚನೆ ಇದ್ದರೆ ಬಿಡಿ. 2009ರ ಕಾಯ್ದೆಯಡಿ ಆಹಾರ ಬೆಳೆಗೆಂದು ಗುರುತಿಸಿದ ನೆಲದಲ್ಲಿ ಕಟ್ಟುವಂತಿಲ್ಲ. ಮನೆಗೆ ಪೆಕರಂಗನ್, ಅಂದರೆ ಹಿತ್ತಲು ಸಹಿತದ ಮನೆ ಜಾಗವೇ ಬೇಕು.

ನನ್ನನ್ನು ಕೇಳಿದರೆ ಮೊದಲ ಎರಡು ವರ್ಷ ಗದ್ದೆ ಕೊಳ್ಳಲೇಬೇಡಿ. ಹೆಂಡತಿಯ ಹೆಸರಲ್ಲಿ ವರ್ಷಕ್ಕಿಷ್ಟು ಅಂತ ಗುತ್ತಿಗೆಗೆ ಹಿಡಿಯಿರಿ, ಇಲ್ಲವೇ ಮಾರೊ, ಅಂದರೆ ನಮ್ಮ ಕೋರು: ಬೆಳೆ ಅರ್ಧರ್ಧ. ಬೀಜ ಗೊಬ್ಬರದ ಖರ್ಚು ಯಾರದು ಅಂತ ಮೊದಲೇ ಮಾತಾಡಿ, ರಸೀದಿಗೆ 10,000 ರುಪಿಯಾದ ಸ್ಟಾಂಪ್ ಹಚ್ಚಿ, ಬೀದಿಯ ಮುಖ್ಯಸ್ಥರಾದ ಪಾಕ್ ಎರ್‌ತೇ ಅವರ ಸಾಕ್ಷಿ ಹಾಕಿಸಿ. ಭೋಗ್ಯಕ್ಕೆ ಹಾಕುವವರೂ ಇದ್ದಾರೆ, ಆದರೆ ಏಳು ವರ್ಷ ದಾಟಿದ ಭೋಗ್ಯದ ಗದ್ದೆಯನ್ನು ಹಣ ಕೇಳದೆ ಬಿಟ್ಟುಕೊಡಬೇಕೆಂದು ಕಾನೂನಿದೆ. ಅಗ್ಗಕ್ಕೆ ಸಿಕ್ಕಿತು ಅಂತ ಬೆಂಗ್‌ಕೊಕ್ ನೆಲ ಹಿಡಿಯುವಾಗ ಹುಷಾರು. ಅದು ಊರ ಅಧಿಕಾರಿಗೆ ಸಂಬಳದ ಬದಲು ಕೊಟ್ಟ ಉಂಬಳಿ. ಅವರ ಅವಧಿ ಮುಗಿದ ದಿನ ನಿಮ್ಮ ಗುತ್ತಿಗೆಯೂ ಮುಗಿದ ಹಾಗೇ, ಹೊಸಬರು ಹಳೇ ಮಾತಿಗೆ ಕಟ್ಟುಬೀಳುವುದಿಲ್ಲ.

ಗದ್ದೆ ನೋಡಲು ಹೋದಾಗ ಮಣ್ಣಿಗಿಂತ ಮೊದಲು ಕಾಲುವೆ ನೋಡಿ, ಅದೂ ಆಗಸ್ಟ್‌ನಲ್ಲಿ, ಅಲ್ಲಿ ಆಗ ಬೇಸಿಗೆ. ಮಳೆಗಾಲದಲ್ಲಿ ಎಲ್ಲ ಗದ್ದೆಯೂ ಚಂದ. ಕಾಲುವೆಯ ಬಾಲದಲ್ಲಿರುವ ಗದ್ದೆಗೆ ಬೇಸಿಗೆ ಬೆಳೆಗೆ ನೀರು ಸಾಲದೆ ಪಂಪಿನ ಖರ್ಚು ಬೀಳುತ್ತದೆ. ನೀರು ಬಿಡುವ ಉಲು-ಉಲು ನಮ್ಮ ನೀರುಗಂಟಿಯೇ. ಅವರ ಸರದಿ ಮೀರಿ ರಾತ್ರಿ ತೂಬು ತೆಗೆದರೆ ಊರೆಲ್ಲ ಗೊತ್ತಾಗುತ್ತದೆ. ಅಕ್ಕಪಕ್ಕದವರು ನಾಟಿ ಮಾಡಿದ ವಾರದಲ್ಲೇ ನೀವೂ ಮಾಡಿ. ತಡವಾಗಿ ನೆಟ್ಟ ಒಂಟಿ ಗದ್ದೆಗೆ ಇಡೀ ಬಯಲಿನ ಇಲಿ, ಹಕ್ಕಿ, ಜಿಗಿಹುಳು ಬಂದು ಬೀಳುತ್ತವೆ. ಇಲಿಗೆಂದು ವಿದ್ಯುತ್ ತಂತಿ ಮಾತ್ರ ಎಳೆಯಬೇಡಿ. ಸ್ರಾಗೆನ್ ಕಡೆ ಅದೇ ತಂತಿಗೆ ರೈತರೇ ಸತ್ತಿದ್ದಾರೆ. ಸಬ್ಸಿಡಿ ಗೊಬ್ಬರ ಬೇಕಾದರೆ ರೈತ ಗುಂಪಿನ ಪಟ್ಟಿಯಲ್ಲಿ ಹೆಸರಿರಬೇಕು.

ಮನೆಯ ವಿಷಯಕ್ಕೆ ಬಂದರೆ, ವಿದ್ಯುತ್ ಮೀಟರ್ ನೋಡಿ. ಒಮ್ಮೆಗೆ ಎಷ್ಟು ಕರೆಂಟು ಎಳೆಯಬಹುದು ಅನ್ನೋದನ್ನು ವಿಎ (ವೋಲ್ಟ್-ಆಂಪಿಯರ್) ಲೆಕ್ಕದಲ್ಲಿ ಹೇಳುತ್ತಾರೆ: 450 ವಿಎ ಅಂದರೆ 2 ಆಂಪಿಯರ್, 900 ಅಂದರೆ 4, 1300 ಅಂದರೆ 6. ಊರಿಂದ ತಂದ 750 ವ್ಯಾಟಿನ ಮಿಕ್ಸಿಯಲ್ಲಿ ದೋಸೆಹಿಟ್ಟು ರುಬ್ಬುತ್ತಾ ಇರುವಾಗ ಬಾವಿಯ ಪಂಪು ಶುರುವಾದರೆ 900ರ ಮೀಟರ್ ಟ್ರಿಪ್ ಆಗಿ ಕರೆಂಟು ಹೋಗುತ್ತದೆ, ‘ಜೆಗ್ಲೆಕ್’ ಅಂತ ಅವರು ಅದಕ್ಕೆ ಹೇಳುತ್ತಾರೆ. 1300ಕ್ಕೆ ಏರಿಸಿಕೊಳ್ಳಿ. ನಮ್ಮ ಮೂರು ಕಡ್ಡಿಯ ಪಿನ್ನು ಅಲ್ಲಿನ ಸಾಕೆಟ್‌ಗೆ ಹೋಗಲ್ಲ, ಪಿನ್ನು ಬದಲಿಸಿ. ಬಾವಿಗೂ ಶೌಚದ ಗುಂಡಿಗೂ, ಪಕ್ಕದ ಮನೆಯ ಗುಂಡಿಯನ್ನೂ ಸೇರಿಸಿ, ಕನಿಷ್ಠ 10 ಮೀಟರ್ ಅಂತರ ಇದೆಯಾ ಅಳೆಯಿರಿ. ಹಳೇ ಮರದ ಮನೆಯಾದರೆ ತೊಲೆಯನ್ನು ಬೆರಳಲ್ಲಿ ತಟ್ಟಿ, ಪೊಳ್ಳು ಸದ್ದು ಬಂದರೆ ಗೆದ್ದಲು.

ಇನ್ನು ಊರು. ಬಂದ ದಿನವೇ ಪಾಕ್ ಎರ್‌ತೇಗೆ ಹೇಳಿ, 24 ಗಂಟೆಯೊಳಗೆ ತಿಳಿಸುವುದು ಪದ್ಧತಿ. ವೀಸಾ ದಿನ ಮೀರಿದರೆ ದಿನಕ್ಕೆ 10 ಲಕ್ಷ ರುಪಿಯಾ ದಂಡ. ಊರೊಳಗಿನ ಬದುಕು ನಡೆಯುವುದು ಪೂರ್ತಿ ಮುಯ್ಯಿಯ ಮೇಲೆ. ಮದುವೆಗೆ ಕೊಟ್ಟ ಲಕೋಟೆ, ಹೊತ್ತು ತಂದ ಅಕ್ಕಿ ಎಲ್ಲ ಆ ಮನೆಯ ಪುಸ್ತಕದಲ್ಲಿ ಬರೆದಿಡುತ್ತಾರೆ, ನಿಮ್ಮ ಮನೆಯ ಕಾರ್ಯಕ್ಕೆ ಅಷ್ಟೇ ತಿರುಗಿ ಬರುತ್ತದೆ. ಜಾವಾ ಪಂಚಾಂಗದ ಬೆಸಾರ್ ತಿಂಗಳಲ್ಲಿ ಮದುವೆಗಳ ಸಾಲೇ ಇರುತ್ತದೆ, ಆ ತಿಂಗಳಿಗೆ ದುಡ್ಡು ಎತ್ತಿಡಿ. ಅದರ ಮುಂದಿನ ತಿಂಗಳಾದ ಸುರೊದಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಮದುವೆ ತಪ್ಪಿದರೂ ನಡೆದೀತು, ಸಾವು ತಪ್ಪಿಸಬೇಡಿ. ಮಸೀದಿಯ ಧ್ವನಿವರ್ಧಕದಲ್ಲಿ ಸುದ್ದಿ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ, ಮಣ್ಣು ಮಾಡುವುದು ಸಾಮಾನ್ಯವಾಗಿ ಅವತ್ತೇ.

ಕೆಲವು ಮನೆಗಳ ಮುಂದಿನ ಗೋಡೆಗೆ ಒಂದು ಸಣ್ಣ ಡಬ್ಬಿ ನೇತುಹಾಕಿರುವುದು ಕಾಣಿಸುತ್ತದೆ. ಅದು ಜಿಂಪಿತನ್: ಹಿಂದೆ ಒಂದು ಚಿಟಿಕೆ ಅಕ್ಕಿ, ಈಗ ಬಹಳ ಕಡೆ 500 ರುಪಿಯಾದ ನಾಣ್ಯ. ರಾತ್ರಿ ಗಸ್ತಿನವರು ಬಂದು ತೆಗೆದುಕೊಂಡು ಹೋಗುತ್ತಾರೆ. ನಿಮ್ಮ ಮನೆಗೂ ಒಂದು ಡಬ್ಬಿ ಕಟ್ಟಿ, ಗಸ್ತಿನ ಪಾಳಿಗೆ ಹೆಸರು ಕೊಡಿ.