ಆರತಿ ತಟ್ಟೆ ಹಿಡಿಯದೆಯೂ ಹಬ್ಬದಲ್ಲಿ ಇರಬಹುದು

ಪ್ರಶ್ನೆ: ನಾವು ಕ್ರೈಸ್ತರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ಈ ವರ್ಷ ನಾನೇ ಕಾರ್ಯದರ್ಶಿ. ಗಣೇಶನ ಹಬ್ಬಕ್ಕೆ ಚಂದಾ ಎತ್ತಬೇಕು. ಮೊದಲ ಮಂಗಳಾರತಿ ಕಾರ್ಯದರ್ಶಿಯದೇ ಅನ್ನುವುದು ಇಲ್ಲಿಯ ರೂಢಿ. ಆಮೇಲೆ ಆಯುಧಪೂಜೆ, ರಾಜ್ಯೋತ್ಸವ. ಹೋದ ವರ್ಷ ಜ್ವರ ಅಂತ ಹೇಳಿ ಮನೆಯಲ್ಲೇ ಉಳಿದೆ. ನಮ್ಮ ಭಾವ, "ಪ್ರಸಾದ ಮುಟ್ಟಬೇಡ, ರಾಜೀನಾಮೆ ಕೊಡು" ಅನ್ನುತ್ತಾರೆ. ಏನು ಮಾಡಲಿ?
- ಒಬ್ಬ ಓದುಗಿ

ಪ್ರಿಯ ಸಹೋದರಿ,

ರಾಜೀನಾಮೆ ಬೇಡ. ಜ್ವರದ ನೆಪವೂ ಇನ್ನು ಬೇಡ. ಸುಳ್ಳು ಹೇಳಿ ತಪ್ಪಿಸಿಕೊಂಡರೆ ನಿಮ್ಮ ವಿಶ್ವಾಸ ಏನೆಂದು ಯಾರಿಗೂ ತಿಳಿಯುವುದಿಲ್ಲ, ನೆರೆಯವರಿಗೂ ನೀವು ದೂರವಾಗುತ್ತೀರಿ. ಮುಂದಿನ ವರ್ಷ ಅದೇ ಸಂಕಟ ಮತ್ತೆ ಬಾಗಿಲಿಗೆ ಬರುತ್ತದೆ.

ಹಬ್ಬದಲ್ಲಿ ಪೂಜೆ ಇದೆ, ಊರ ಕೆಲಸವೂ ಇದೆ. ಪೂಜೆ ನಿಮ್ಮದಲ್ಲ. ಕೆಲಸ ಖಂಡಿತ ನಿಮ್ಮದೇ. ಶಾಮಿಯಾನ, ಪೊಲೀಸ್ ಪರ್ಮಿಶನ್, ಪಿಓಪಿ ಬಿಟ್ಟು ಮಣ್ಣಿನ ಮೂರ್ತಿಯನ್ನೇ ತರಿಸುವುದು, ರಾತ್ರಿ ಹತ್ತಕ್ಕೆ ಮೈಕ್ ನಿಲ್ಲಿಸುವುದು, ಮಕ್ಕಳ ಸ್ಪರ್ಧೆಗೆ ಬಹುಮಾನ. ಇದೆಲ್ಲ ಮನಸ್ಸಿಟ್ಟು ಮಾಡಿ. ಚಂದಾ ಲೆಕ್ಕವನ್ನು ಮೇಂಟೆನೆನ್ಸ್ ದುಡ್ಡಿನ ಜೊತೆ ಸೇರಿಸಬೇಡಿ. ಕೊಡುವವರು ಇಷ್ಟಪಟ್ಟು ಕೊಡಲಿ. ಈ ಪದ್ಧತಿ ನಿಮಗಷ್ಟೇ ಅಲ್ಲ, ಬೇರೆ ಮನೆಗಳಿಗೂ ನೆಮ್ಮದಿ ತರುತ್ತದೆ. ನಿಮ್ಮ ಪಾಲನ್ನು ಬೇಕಾದರೆ ಊಟದ ಖರ್ಚಿಗೋ ಬಹುಮಾನಕ್ಕೋ ಅಂತ ಹೇಳಿಯೇ ಕೊಡಿ.

ಆರತಿಯ ಮಾತನ್ನು ಅಧ್ಯಕ್ಷರ ಹತ್ತಿರ ಮೊದಲೇ ಆಡಿಬಿಡಿ. "ಸರ್, ಓಡಾಟ ಪೂರ್ತಿ ನಾನು ನೋಡ್ಕೋತೀನಿ. ಆರತಿ ತಟ್ಟೆ ಮಾತ್ರ ಬೇರೆಯವರು ಹಿಡೀಲಿ. ನಾನು ಕ್ರಿಸ್ತನನ್ನು ನಂಬಿದವಳು, ಇನ್ನೊಂದು ಕಡೆ ಪೂಜೆ ಮಾಡೋಕೆ ನನ್ನ ಮನಸ್ಸು ಒಪ್ಪಲ್ಲ." ಇಷ್ಟು ಸಾಕು. ವಿಗ್ರಹದ ಬಗ್ಗೆ ವಾದ, ಉಪದೇಶ ಯಾವುದೂ ಬೇಡ. ಅವರು ಆರತಿ ಮಾಡುವಾಗ ಪಕ್ಕದಲ್ಲಿ ಗೌರವದಿಂದ ನಿಂತುಕೊಳ್ಳಿ. ಹಾಗೆ ನಿಲ್ಲುವುದು ಅವಮಾನವೂ ಅಲ್ಲ, ಸೋಗೂ ಅಲ್ಲ. ಕೇರಳದ ಮೂವರು ಮಕ್ಕಳು ತಮ್ಮ ನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆ ಹಾಡಲಿಲ್ಲ, ಆದರೆ ಎದ್ದು ನಿಂತಿದ್ದರು. ಶಾಲೆ ಅವರನ್ನು ಹೊರಗೆ ಹಾಕಿತು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಹಾಡದೇ ಇದ್ದರೂ ಗೌರವದಿಂದ ನಿಂತಿದ್ದರಲ್ಲ, ಕೋರ್ಟ್ ಅದನ್ನು ನೋಡಿತು.

ಪ್ರಸಾದದ ವಿಷಯ ಅಷ್ಟು ಸುಲಭವಲ್ಲ. ಮೊದಲ ಕಾಲದ ಕ್ರೈಸ್ತರಲ್ಲಿ, ಕೊರಿಂಥ ಪಟ್ಟಣದ ಸಭೆಗೂ ಇದೇ ತಲೆನೋವು ಇತ್ತು. ಬೈಬಲಿನಲ್ಲಿರುವ ಪತ್ರದಲ್ಲಿ ಅಪೊಸ್ತಲ ಪೌಲನು ಅವರಿಗೆ ವಿಗ್ರಹಾರಾಧನೆಯಿಂದ ದೂರ ಓಡಿರಿ ಎಂದೂ ಬರೆದ. ಊಟಕ್ಕೆ ಕರೆದರೆ ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಿರಿ, ಇದು ನೈವೇದ್ಯದ್ದು ಎಂದು ಯಾರಾದರೂ ಹೇಳಿದರೆ ಮಾತ್ರ ಬಿಡಿರಿ ಎಂದೂ ಬರೆದ. ನನ್ನ ಅಭಿಪ್ರಾಯ ಇದು: ಪಕ್ಕದ ಮನೆಯಾಕೆ ಡಬ್ಬಿಯಲ್ಲಿ ಕಡುಬು ಕಳಿಸಿದರೆ ಅದು ಅವಳ ಪ್ರೀತಿ, ತೆಗೆದುಕೊಳ್ಳಿ. ಪ್ರಸಾದ ಅಂತಲೇ ಕೈಗೆ ಕೊಟ್ಟರೆ, ಮನಸ್ಸು ಒಪ್ಪದಿದ್ದರೆ ಕೈಮುಗಿದು ನಯವಾಗಿ ಬೇಡ ಅನ್ನಿ. ಡಸ್ಟ್‌ಬಿನ್ನಿಗಂತೂ ಹಾಕಲೇಬೇಡಿ.

ನಿಮ್ಮ ಭಾವ ಇನ್ನೂ ಬಿಗಿಯಾಗಿರಬಹುದು. ಅದು ಅವರ ಮನಸ್ಸಾಕ್ಷಿ. ಅದೇ ಪೌಲನು ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯವನ್ನು ಇಬ್ಬರೂ ಕೂತು ಓದಿ. ದಿನಗಳ ವಿಷಯದಲ್ಲಿ, ಊಟದ ವಿಷಯದಲ್ಲಿ ಒಬ್ಬರನ್ನೊಬ್ಬರು ತೀರ್ಪು ಮಾಡಬೇಡಿ ಎನ್ನುತ್ತದೆ ಅದು. ಅವರ ಎದುರು ತಿಂದು ತೋರಿಸಬೇಡಿ. ಅವರ ಭಯವನ್ನು ನೀವು ಹೊರಬೇಕಾಗಿಯೂ ಇಲ್ಲ.

ಆಯುಧಪೂಜೆಯಲ್ಲೂ ಹೀಗೆಯೇ. ಪಂಪ್ ರೂಮಿನ ಪೂಜೆ ಕೆಲಸದವರು ಮಾಡಿಕೊಳ್ಳಲಿ, ಅವರ ಬೋನಸ್ಸು ಮಾತ್ರ ತಡವಾಗದಿರಲಿ. ರಾಜ್ಯೋತ್ಸವಕ್ಕೆ ಹಿಂಜರಿಕೆಯೇ ಬೇಡ. ಭುವನೇಶ್ವರಿ ಪಟಕ್ಕೆ ಹೂ ಹಾಕುವವರು ಹಾಕುತ್ತಾರೆ, ನೀವು ಬಾವುಟ ಹಾರಿಸಿ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಕಿಟ್ಟೆಲ್ ಪಾದ್ರಿಯೇ ಅಲ್ವಾ? ಮಕ್ಕಳಿಗೆ ಆ ಕಥೆ ಹೇಳಿ. ನಮ್ಮ ಸಭೆಗಳಲ್ಲೂ ಸುಗ್ಗಿ ಹಬ್ಬ ಇದೆ, ಕುಂಬಳಕಾಯಿ, ಬಾಳೆಗೊನೆ ತಂದಿಟ್ಟು ಹರಾಜು ಕೂಗುತ್ತೇವೆ. ಆ ದಿನ ನೆರೆಯವರನ್ನೂ ಕರೆಯಿರಿ. ಬಂದು ಕೂತರೆ ಸಾಕು, ಪ್ರಾರ್ಥನೆಗೆ ಒತ್ತಾಯವಿಲ್ಲ ಅಂತ ಮೊದಲೇ ಹೇಳಿ. ನೀವು ಅವರಿಂದ ಕೇಳುತ್ತಿರುವುದೂ ಇದನ್ನೇ.

ಅಧ್ಯಕ್ಷರ ಜೊತೆ ಮಾತು ವಾಟ್ಸಾಪ್ ಗ್ರೂಪಿನಲ್ಲಿ ಬೇಡ. ಮೀಟಿಂಗಿಗಿಂತ ಮೊದಲು ಒಂದು ಸಂಜೆ ಅವರ ಮನೆಗೇ ಹೋಗಿ ಬನ್ನಿ.